ಒಂದು ಕಡಿಮೆ ಐವತ್ತು

ಬಿಸ್ಕೀಟಿನ ಡಬ್ಬದಲ್ಲಿ ಖಾಲಿ ತೋಟಾ ತಂದು
ಕುಲುಮೆಯ ಮುಂದೆ ಸುರಿದರು
ಸುಬೇದಾರ ಪುಂಡಲೀಕ ಕೊಠಾರಕರ್:
‘ಎಣಿಸಿಕೋ ರಾಯ್ಕರ್. ಐವತ್ತು.’

ಕೋಡಿಬಾಗದ ಈ ಅಂಗಡಿಗೆ
ಅಪ್ಪ ಹಿತ್ತಾಳೆ ಸೇರಿಸಿದವನಲ್ಲ.
ಬಂಗಾರದ ವೇಷ ಹಾಕುವ ಲೋಹ,
ಮುಟ್ಟಿದ ಕೈಗೂ ಕೆಟ್ಟ ಹೆಸರು, ಎನ್ನುತ್ತಿದ್ದ.
ಈಗ ಅವನ ಫೋಟೋದ ಕೆಳಗೇ
ಮುರುಗಲ ಸಿಪ್ಪೆಯ ಹುಳಿನೀರಲ್ಲಿ
ಮಸಿ ಬಿಡುತ್ತ ಕೂತಿವೆ
ಬೆರಳುದ್ದದ ಸುಳ್ಳುಬಂಗಾರಗಳು.

ತೊಳೆದು, ಒಣಗಿಸಿ, ತೂಗುತ್ತೇನೆ.
ಕಣ್ಣಿಗೆ ಎಲ್ಲ ಒಂದೇ ತಾಯಿಯ ಮಕ್ಕಳು,
ತಕ್ಕಡಿಗೆ ಗೊತ್ತು ಒಬ್ಬೊಬ್ಬರ ಹಸಿವು.
‘ಇಲ್ಲಿಯ ಅರ್ಧ ಗುಲಗಂಜಿ
ಅಲ್ಲಿ ಗುರಿಯನ್ನೇ ಸರಿಸ್ತದೆ ಮಾರಾಯ.’
ಅವರ ಗಜದ ಲೆಕ್ಕ ನನಗೆ ತಿಳಿಯದು.
ಗುಲಗಂಜಿಯದು ತಿಳಿಯುತ್ತದೆ.

ಸಿಡಿದು ಸಿಡಿದು ಗಡುಸಾದ ಕೊರಳು.
ಕಿಟಕಿ ಮುಚ್ಚಿ, ಬುಡವನ್ನು
ತಟ್ಟೆಯ ನೀರಲ್ಲಿ ಮುಳುಗಿಸಿ ನಿಲ್ಲಿಸಿ
ಊದುಗೊಳವೆಯ ಜ್ವಾಲೆ ಕೊರಳಿಗಷ್ಟೇ.
ಕತ್ತಲಲ್ಲಿ ಕೆಂಪು ಹುಟ್ಟುವ ಮೊದಲ ಗಳಿಗೆ,
ಅದು ಬಣ್ಣವಲ್ಲ, ಬಣ್ಣದ ಸುಳಿವು,
ಅಲ್ಲಿಗೆ ಉಸಿರು ತಡೆಯಬೇಕು.
ಬುಡವೂ ಮೆತ್ತಗಾದರೆ
ಗುಂಡು ಮುಂದೆ, ಬೆಂಕಿ ಹಿಂದೆ,
ಸುಬೇದಾರರಿಗೆ ಉಳಿದಿರುವ ಒಂದೇ ಒಳ್ಳೆ ಕಣ್ಣಿಗೆ.

ಕೊನೆಗೆ, ಕಿವಿ ಕೆರೆಯುವ ಕಡ್ಡಿಯಂಥ
ತುದಿ ಬಗ್ಗಿಸಿದ ತಂತಿ.
ಒಳಗಿಳಿಸಿ, ಗೋಡೆ ಸವರುತ್ತ ಮೇಲೆಳೆದರೆ
ನಯ, ನಯ, ನಯ
ಮೂವತ್ತೇಳನೆಯದರಲ್ಲಿ ತಡೆಯಿತು.
ಬುಡದ ಹತ್ತಿರ ಕೂದಲೆಳೆಯ ಗೆರೆ.
ಹೊರಗೆ ಏನೂ ಕಾಣದು.

ಇಂಥದೇ ಗೆರೆ ಹಿಂದೊಮ್ಮೆ
ಕರಿಮಣಿಯ ಕೊಂಡಿಯಲ್ಲಿ ಕಂಡೂ
ಹಬ್ಬದ ಅವಸರಕ್ಕೆ ಕೊಟ್ಟುಬಿಟ್ಟಿದ್ದೆ.
ಬೈತಕೋಲದ ಧಕ್ಕೆಯಲ್ಲಿ, ಮೀನುಬುಟ್ಟಿ ಎತ್ತುವಾಗ,
ಹರಿದು ನೀರಿಗೆ ಬಿತ್ತಂತೆ.
ಆಕೆ ನನ್ನನ್ನು ಬೈಯಲಿಲ್ಲ,
ತನ್ನ ನಸೀಬನ್ನು ಬೈದಳು.
ಅದಕ್ಕೇ ನೆನಪಿದೆ.

ಸುಬೇದಾರರಿಗೆ ಹೇಳಲಿಲ್ಲ.
‘ಇನ್ನೊಂದೇ ಸಲ ತಾಳ್ತದೆ’ ಎನ್ನುವ ಜೀವ ಅದು.
ಅವರೂ ಎಣಿಸದೆ ಒಯ್ದರು.

ಭಾನುವಾರ.
ಕಾಳಿಯಾಚೆ, ಸದಾಶಿವಗಡದ ಹಳೆಯ ಕಲ್ಲುಕ್ವಾರಿಯಿಂದ
ಗಾಳಿ ಇತ್ತ ತಿರುಗಿದಾಗ ಒಂದೊಂದೇ ಸದ್ದು.
ಮೂಗುತಿ ಆರಿಸುತ್ತಿದ್ದವಳು ಕೇಳುತ್ತಾಳೆ:
‘ಏನು ಶೇಟ್ರೇ, ಬಾಯೊಳಗೇ ಎಣಿಸ್ತೀರಿ?’
ನಲವತ್ತೆಂಟು.
ಬಹಳ ಹೊತ್ತು ಏನೂ ಇಲ್ಲ.
ನಲವತ್ತೊಂಬತ್ತು.

ಜೇಬಿನಲ್ಲಿ ಕಿರುಬೆರಳು
ಆ ಒಂದರ ಬಾಯೊಳಗೆ ಸಿಕ್ಕಿಕೊಂಡಿದೆ.
ಅಕ್ಕನ ಚಿನ್ನವನ್ನೂ ಬಿಡದ ಕುಲ ನಮ್ಮದಂತೆ.
ಹಿತ್ತಾಳೆಯಲ್ಲೂ ಒಂದು ಹೊಡೆದ
ಎಂದುಕೊಳ್ಳಲಿ.