ಇನ್ನೂ ಆರು ದಿನ ಬಾಕಿ

ಮೂರು ಸಲ ಕೀಂ ಎಂದು
ನೀಲಿ ದೀಪ ಒಮ್ಮೆ ಕಣ್ಣು ಬಿಟ್ಟು ಮುಚ್ಚಿತು.
ಆಮೇಲೆ ಏನು ಒತ್ತಿದರೂ ಇಲ್ಲ.
ಯೆರ್ಕೊ ಅದರ ಮೇಲೆ ಕಿವಿಯಿಟ್ಟು ಕೂತ,
ಅವನಜ್ಜ ದೋಣಿಯ ಎಂಜಿನ್ನಿಗೆ ಕಿವಿಯಿಡುತ್ತಿದ್ದ ಹಾಗೆಯೇ.
"ಒಳಗೆ ಫ್ಯಾನು ತಿರುಗುತ್ತಿಲ್ಲ ಅಮ್ಮ."

ಪುಂತಾ ಅರೆನಾಸಿನಲ್ಲಿ ಜೂನ್ ತಿಂಗಳು.
ಬೆಳಿಗ್ಗೆ ಹತ್ತಕ್ಕೆ ಬರುವ ಸೂರ್ಯ
ಸಂಜೆ ಐದೂವರೆಗೆ ಬಾಗಿಲು ಹಾಕುತ್ತಾನೆ.
ಹನ್ನೊಂದು ವರ್ಷದ ಹುಡುಗನ
ಉಳಿದ ಹದಿನಾರೂವರೆ ತಾಸು ಕತ್ತಲಿಗೆ
ನಾನು ಏನು ತುಂಬಲಿ?

ಬಿಲ್ಲು ಸಿಕ್ಕಿತು, ಅಡುಗೆಮನೆಯ ಡ್ರಾಯರಿನಲ್ಲಿ.
ಒಲೆಯ ಶಾಖಕ್ಕೆ ಅಂಗಡಿಯ ಹೆಸರು, ಬೆಲೆ ಎಲ್ಲ ಅಳಿಸಿ
ತಾರೀಖು ಮಾತ್ರ, ಪುಣ್ಯಕ್ಕೆ, ಉಳಿದಿತ್ತು.
ಬೆರಳು ಮಡಚಿ ಎಣಿಸಿದೆ, ಮತ್ತೆ ಎಣಿಸಿದೆ:
ವರ್ಷ ತುಂಬಲು ಇನ್ನೂ ಆರು ದಿನ ಬಾಕಿ.
ಏಡಿ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ
ತಾರೀಖು ಒತ್ತುವವಳು ನಾನು.
ಕೊನೆಯ ದಿನ ಅಂದರೇನೆಂದು
ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಫೋನಿನಲ್ಲಿ ನಲವತ್ತು ನಿಮಿಷ ಪಿಟೀಲು.
ಆಮೇಲೆ ಸಾಂತಿಯಾಗೊದಿಂದ ಒಂದು ಹೆಣ್ಣುದನಿ.
ಬಿದ್ದಿತ್ತೆ? ಇಲ್ಲ.
ನೀರು ತಾಗಿತ್ತೆ? ಇಲ್ಲ.
ಯಾರಾದರೂ ಬಿಚ್ಚಿದ್ದರೆ?
ಯೆರ್ಕೊ ತನ್ನ ಕಾಲ ಹೆಬ್ಬೆರಳು ನೋಡುತ್ತಿದ್ದ.
ಫೋನಿಗೆ ಕೈ ಮುಚ್ಚಿ ಕೇಳಿದೆ.
ಒಂದೇ ಒಂದು ಸ್ಕ್ರೂ, ಅದೂ ಅರ್ಧ ಸುತ್ತು,
ಹೆದರಿ ವಾಪಸ್ ತಿರುಗಿಸಿಬಿಟ್ಟೆ ಅಂದ.
ಸ್ಟಿಕರು? ಹರಿದಿಲ್ಲ.
ಅರ್ಧ ಸುತ್ತಿನ ಪಾಪ ನನ್ನ ಲೆಕ್ಕಕ್ಕಿರಲಿ.
"ಇಲ್ಲ ಮೇಡಂ, ಯಾರೂ ಇಲ್ಲ."

"ಮೂಲ ಪೆಟ್ಟಿಗೆಯಲ್ಲೇ ಕಳಿಸಿ."
ಮೂಲ ಪೆಟ್ಟಿಗೆ!
ಅದರಲ್ಲಿ ಬೆಕ್ಕು ನಾಲ್ಕು ಮರಿ ಹಾಕಿತ್ತು,
ಒಂದೂ ಇನ್ನೂ ಕಣ್ಣು ಬಿಟ್ಟಿರಲಿಲ್ಲ.
ನನ್ನ ಹಳೆಯ ಸ್ವೆಟರಿಗೆ ಅವನ್ನೆತ್ತಿ ಹಾಕಿ
ಪೆಟ್ಟಿಗೆ ಒರೆಸಿ, ಉಜ್ಜಿ, ಒಲೆಯ ಮುಂದೆ ಒಣಗಿಸಿದೆ.
ವಾಸನೆ ಹೋಗಲಿಲ್ಲ.
ಇರಲಿ, ಇದು ಮನೆಯಿಂದ ಬಂದದ್ದೆಂದು
ರಿಪೇರಿಯವನಿಗೂ ತಿಳಿಯಲಿ.

ಕೊರಿಯರ್ ಕಚೇರಿಗೆ ಆರು ಬೀದಿ.
ಗಾಳಿಯ ದಿನ, ಜನ ಹಿಡಿದು ನಡೆಯಲೆಂದು
ಮೂಲೆಮೂಲೆಗೆ ಹಗ್ಗ ಕಟ್ಟಿದ್ದರು.
ಒಂದು ಕೈಗೆ ಹಗ್ಗ, ಇನ್ನೊಂದರಲ್ಲಿ ಎದೆಗವಚಿದ ಪೆಟ್ಟಿಗೆ,
ನನ್ನ ಕೋಟಿನ ಬೆಲ್ಟಿಗೆ ಜೋತುಬಿದ್ದ ಯೆರ್ಕೊ.
ಎದುರಿಗೆ ಹಗ್ಗ ಹಿಡಿದೇ ಬಂದ ಮುದುಕ
ಏನೋ ಕೇಳಿದ. ಮಗು ಅಂದ ಹಾಗಿತ್ತು.
ಗಾಳಿಯಲ್ಲಿ ಸರಿಯಾಗಿ ಕೇಳಿಸಲಿಲ್ಲ.
ಹೌದು ಅಂದೆ.

ಇಪ್ಪತ್ತಮೂರು ದಿನ.
ಹನ್ನೆರಡು ಅಂಕಿಯ ಸಂಖ್ಯೆ ಅವನಿಗೆ ಬಾಯಿಪಾಠ.
ಒಂಬತ್ತು ದಿನ ಒಂದೇ ಉತ್ತರ: ಪರಿಶೀಲನೆಯಲ್ಲಿದೆ.
ಅಷ್ಟರಲ್ಲಿ ಮರಿಗಳು ಕಣ್ಣು ಬಿಟ್ಟವು.
ಎಲ್ಲಕ್ಕಿಂತ ತಡವಾಗಿ ಬಿಟ್ಟ ಬೂದುಮರಿಗೆ
'ಪರಿಶೀಲನೆ' ಅಂತಲೇ ಹೆಸರಿಟ್ಟ.
ಕರೆದರೆ ಅದೂ ಬರುತ್ತಿರಲಿಲ್ಲ.

ಬಂತು. ಹೊಸ ಪೆಟ್ಟಿಗೆ,
ಯಾವ ವಾಸನೆಯೂ ಇಲ್ಲ.
ಬೆಕ್ಕು ಸುತ್ತಲೂ ಮೂಸಿ ಹೊರಟುಹೋಯಿತು.
ಯೆರ್ಕೊ ತಿರುಗಿಸಿ ತಿರುಗಿಸಿ ನೋಡಿದ.
ಮಾಯ್ತೆ ಚಮಚದಲ್ಲಿ ಹೊಡೆದ ಗಾಯ ಇಲ್ಲ.
ಅಡಿಯಲ್ಲಿ, ರಬ್ಬರು ಕಾಲಿನ ಪಕ್ಕ,
ಕೈವಾರದ ಮೊನೆಯಲ್ಲಿ ಯಾರೋ ಗೀಚಿದ್ದರು: ರಾಯೆನ್.

"ಇದು ನಮ್ಮದಲ್ಲ."
ಹಾಳೆ ಓದಿ ಹೇಳಿದೆ: ಬದಲಿ ಕೊಟ್ಟಿದ್ದಾರೆ,
ಇನ್ನು ತೊಂಬತ್ತು ದಿನ ಇದಕ್ಕೂ ವಾರಂಟಿ.
ಗುಂಡಿ ಒತ್ತಿದೆ. ನೀಲಿ ದೀಪ ಬಂತು, ನಿಂತಿತು.
ಫ್ಯಾನಿನ ಸದ್ದು ಬೆಕ್ಕಿನ ಗುರುಗುಟ್ಟಿನ ಹಾಗೆ.
ಅವನು ಆಡಲಿಲ್ಲ.

"ನಮ್ಮದು ಎಲ್ಲಿ?"
ಸರಿಹೋಗಿದ್ದರೆ ಯಾರದೋ ಮನೆಯಲ್ಲಿರುತ್ತೆ ಮಗ.
ರಾಯೆನ್ ಮನೆಯಲ್ಲೇ ಇದ್ದರೂ ಇರಬಹುದು.

ದೀಪ ಆರಿಸಿ ಮಲಗಿದ ಮೇಲೆ
ಕತ್ತಲಲ್ಲಿ ಅವನ ದನಿ:
"ಆ ಸ್ಕ್ರೂ... ನಾನು ಪೂರ್ತಿ ವಾಪಸ್ ತಿರುಗಿಸಿರಲಿಲ್ಲ ಅಮ್ಮ.
ಅವರಿಗೆ ಹೇಳಬೇಕಿತ್ತು."