ಕೀಲಿ ಹಾಕೀನೇನು?

ಫಕ್ಕೀರೇಶನ ಮೊದಲ ಕಟ್‌ನಲ್ಲಿ
ಗುಡುಗಿತ್ತು, ಚಾಕು ಇತ್ತು,
ಸಿಂಕಿನೊಳಗೆ ಸುತ್ತಿ ಇಳಿಯುವ ರಕ್ತವಿತ್ತು.
ಬೆಲ್ಲದ ಪಾಕಕ್ಕೆ ಕುಂಕುಮ ಕಲಸಿ ನಾವೇ ಮಾಡಿದ್ದು;
ಶಾಟ್ ಮುಗಿಯುವುದರೊಳಗೆ ಇರುವೆ ಬಂದಿದ್ದವು.

ಹಳೇ ಹುಬ್ಬಳ್ಳಿಯ ಗಿರಣಿ ಮೇಲಿನ ಖೋಲಿ.
ಕೆಳಗೆ ಜೋಳ, ಮೇಲೆ ನಾನು,
ಕೀಬೋರ್ಡಿನ ಸಂದಿಯಲ್ಲೆಲ್ಲ ಹಿಟ್ಟು.
"ಎರಡು ನಿಮಿಷ ಅಷ್ಟ," ಅಂದ. "ಅಷ್ಟರಾಗ ಹಿಡೀಬೇಕು,
ಇಲ್ಲಾಂದ್ರ ಮಂದಿ ಮೊಬೈಲ್ ತೆಗೀತಾರ."
ಯಾವ ಮಂದಿ?
"ಮಂದಿ ಅಂದ್ರ ಮಂದಿ."

ಪೆನ್‌ಡ್ರೈವ್ ಕಿಸೆಯಲ್ಲಿಟ್ಟು ಧಾರವಾಡಕ್ಕೆ ಹೋದೆವು,
ಸಪ್ತಾಪುರಕ್ಕೆ. ಪಿಎಸ್‌ಐ ಪರೀಕ್ಷೆಗೆ ಓದುವ ಹನ್ನೊಂದು ಹುಡುಗಿಯರು,
ಕೆಳಗೆ ಖಾನಾವಳಿ, ಮೇಲೆ ಅವರ ಖೋಲಿಗಳು,
ಗೋಡೆಗೆ ಮೊಳೆ ಹೊಡೆದ ಬೆಡ್‌ಶೀಟು.
ಗುಡುಗಿಗೆ ಒಬ್ಬಳು ಆಕಳಿಸಿದಳು.
ಚಾಕುವಿಗೆ ನಕ್ಕರು.
ರಕ್ತ ಕಂಡಾಗ ಯಾರೋ,
"ಇವತ್ತೂ ಬೀಟ್‌ರೂಟ್ ಪಲ್ಯಾ ಏನ?"

ಫಕ್ಕೀರೇಶ ಹೊರಗೆ ಹೋಗಿ ನಿಂತ.
ನಾನು ಚಾಪೆಯ ಮೇಲೆ ಕುಳಿತು ಕೇಳಿದೆ,
ನಿಮಗ ಖರೇ ಅಂಜಿಕಿ ಯಾತರದು?
ಹಲ್ಲಿ, ಅಂದಳು ಒಬ್ಬಳು.
ಅಪ್ಪನ ಫೋನು.
ಆಮೇಲೆ ರಿಹಾನಾ ನದಾಫ, ನವಲಗುಂದದವಳು,
ನಾಲ್ಕು ವರ್ಷದಿಂದ ಓದುತ್ತಿರುವವಳು:
"ಖೋಲಿಗೆ ಕೀಲಿ ಹಾಕಿ ಲೈಬ್ರರಿಗೆ ಹೊಂಟಿರ್ತೇನಿ ಅಕ್ಕಾ.
ನೀರಿನ ಟಾಕಿ ಹತ್ರ ಬಂದಕೂಡ್ಲೆ
ಒಂದ್ ದನಿ ಕೇಳ್ತದ, ಹಾಕೀಯೇನು?
ಹೊಳ್ಳಿ ಹೋಗಿ ಜಗ್ಗಿ ನೋಡ್ತೇನಿ. ಹಾಕಿರ್ತದ.
ಮತ್ತ ಹೊಂಟ್ರ ಮತ್ತ ಕೇಳ್ತದ.
ದನಿ ನಂದ ಇರ್ತದ."

ಈ ಸಲ ಯಾರೂ ನಗಲಿಲ್ಲ.
ಮೂವರು ಮುಷ್ಟಿಯೊಳಗಿನ ಕೀಲಿಕೈ ನೋಡಿಕೊಂಡರು.

ಗುಡುಗು ತೆಗೆದೆ. ಚಾಕು, ಸಿಂಕು, ಇರುವೆ ಸಮೇತ ರಕ್ತ.
ಪಿಟೀಲನ್ನೂ ತೆಗೆದೆ:
ಎಲ್ಲಿ ಅಂಜಬೇಕೆಂದು ಅದು ಮೊದಲೇ ಹೇಳಿಕೊಟ್ಟರೆ
ಪರೀಕ್ಷೆಗೆ ಓದುವವರು ಉತ್ತರ ಬರೆದು ಎದ್ದುಬಿಡುತ್ತಾರೆ.
ನಟಿ ಬೇಡವೆಂದೆ. ರಿಹಾನಾಳ ಕೈ ಸಾಕು.

ಈಗ ಸಿನಿಮಾ ತೆರೆಯುವುದು ಹೀಗೆ.
ಅರೆಕ್ಷಣ ಒಂದು ಖೋಲಿ, ಸ್ವಿಚ್ಚಿನ ಮೇಲೆ ಬೆರಳು, ಟಕ್.
ಕತ್ತಲು.
ಕತ್ತಲಲ್ಲಿ ಕೀಲಿ ಜಗ್ಗುವ ಸದ್ದು, ಚಪ್ಪಲಿ ದೂರಾಗುವ ಸದ್ದು.
ಚಪ್ಪಲಿ ನಿಲ್ಲುತ್ತದೆ. ಹೊಳ್ಳುತ್ತದೆ.
ಕೈ. ಕೀಲಿ. ಹಾಕಿದೆ.
ಮತ್ತೆ ಚಪ್ಪಲಿ.
ಮೂರನೆಯ ಸಲವೂ ಕೀಲಿ ಹಾಕಿಯೇ ಇದೆ,
ಆದರೆ ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು.

"ಒಳಗ ಯಾರದಾರ?" ಫಕ್ಕೀರೇಶ ದಿನಾ ಕೇಳುತ್ತಿದ್ದ,
"ಒಂದ್ ನೆರಳಾರ ತೋರ್ಸೋಣು."
ಕೆಳಗೆ ಗಿರಣಿ ಜೋರು, ಕೇಳಿಸಲಿಲ್ಲವೆಂಬಂತೆ ಇದ್ದೆ.

ಮತ್ತದೇ ಚಾಪೆ, ಅದೇ ಬೆಡ್‌ಶೀಟು.
ಸಂದಿಯ ಬೆಳಕಿಗೆ
ಯಾರದೋ ಸ್ಟೀಲ್ ಲೋಟ ತುಟಿಯ ಹತ್ತಿರ ನಿಂತಿತು.
ಮುಗಿದು, ಚಹಾ ಬರುವ ಮೊದಲು, ಒಬ್ಬಳೆದ್ದಳು:
"ಬಂದ್ನಿ ಅಕ್ಕಾ."
ಇನ್ನೊಬ್ಬಳು ಏನೂ ಹೇಳದೆ ಎದ್ದಳು.
ನಾವು ಕೆಳಗೆ ಕೂತು ಕೇಳಿದೆವು,
ಮೇಲೆ ಒಂದೊಂದೇ ಕೀಲಿ ಜಗ್ಗಿದ್ದು. ಏಳು.
ಫಕ್ಕೀರೇಶನ ಮುಖ ರಿಸಲ್ಟ್ ಬಂದವನಂತಿತ್ತು.

ರಿಹಾನಾ ಮಾತ್ರ ಏಳಲಿಲ್ಲ.
ಬರಿದಾದ ಬೆಡ್‌ಶೀಟು ನೋಡುತ್ತ ಅಂದಳು,
"ಆ ದನಿ ನೀವು ಹಾಕೇ ಇಲ್ಲ. ಆದ್ರೂ ಕೇಳ್ತು."

ಹೆಸರು ಎಲ್ಲಿ ಹಾಕುವುದು ಅವಳದು?
ಕಥೆ ಅಲ್ಲ, ನಟನೆ ಅಲ್ಲ.
'ಕೈ: ರಿಹಾನಾ ನದಾಫ' ಎಂದು ಹಾಕಿದೆ.
ರಾತ್ರಿ ಹನ್ನೊಂದಕ್ಕೆ ಮೆಸೇಜು:
ಬ್ಯಾಡ ಅಕ್ಕಾ, ಅಪ್ಪಾ ನೋಡ್ತಾನ,
ಓದಾಕ ಕಳ್ಸೇನಿ ಅಂದ್ಕೊಂಡಾನ.

ತೆಗೆದೆ.
ಅಲ್ಲೀಗ ನಾಲ್ಕು ಸೆಕೆಂಡು ಬರಿಯ ಕತ್ತಲೆ.
ಅದೂ ಭಾರಿ ಬಂದದ, ಅನ್ನುತ್ತಾನೆ ಫಕ್ಕೀರೇಶ,
ನೋಡೋರಿಗೆ ಅಲ್ಲೇ ಜಾಸ್ತಿ ಅಂಜಿಕಿ ಆಗ್ತದಂತ.