ಗಾಡಿ ಬಂದಿದೆ, ಅಮ್ಮಾವ್ರೇ

ವೆಂಡೆಲ್ ಹಾಪಲಾಗೆ ಒಟ್ಟು ಹನ್ನೊಂದು ಮಾತು,
ಎರಡು ವರ್ಷಕ್ಕೊಮ್ಮೆ ನಾವು ಆಡುತ್ತಿದ್ದ ಆ ನಾಟಕದಲ್ಲಿ.
ಹತ್ತು ಬರುತ್ತಿದ್ದವು. ಹನ್ನೊಂದನೆಯದು
ನನ್ನ ಬಾಯಿಂದಲೇ ಹೊರಡಬೇಕಿತ್ತು,
ಪಕ್ಕದ ಪರದೆಯ ಸಂದಿಯಲ್ಲಿ, ತೊಡೆಯ ಮೇಲೆ ಟಾರ್ಚಿಟ್ಟು
ಇಪ್ಪತ್ತಾರು ವರ್ಷ ನಾನು ಕೂತ ಮುರುಕು ಸ್ಟೂಲಿನಿಂದ.

ಇಷ್ಪೆಮಿಂಗಿನಲ್ಲಿ ಕಬ್ಬಿಣ ಅಗೆದು ಮುಗಿದ ಮೇಲೆ
ಗಣಿ ಕಾರ್ಮಿಕರ ಸಂಘದ ಕಟ್ಟಡ ಖಾಲಿ ಬಿತ್ತು.
ಅಲ್ಲಿ ಬಣ್ಣ ಹಚ್ಚಿದೆವು, ಗೋಡೆಗಲ್ಲ, ಮುಖಕ್ಕೆ:
ದಂತವೈದ್ಯ, ಗಣಿತದ ಮೇಷ್ಟ್ರು, ಬಸ್ ಡ್ರೈವರನ ಹೆಂಡತಿ,
ಮತ್ತೆ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ವೆಂಡೆಲ್.
ನಾಯಕ ಆಗಲಿಲ್ಲ ಎಂದೂ. ಬಟ್ಲರ್, ಅಂಚೆಯವ,
ಮೂರನೇ ಪೋಲೀಸ್. ಒಮ್ಮೆ ಇಡೀ ಒಂದಂಕ
ಪೇಪರಿನ ಹಿಂದೆಯೇ ಕೂತಿದ್ದ ಚಿಕ್ಕಪ್ಪ.
ಸೈನಿಕನ ಪಾತ್ರ ಬಂದರೆ ಮಾತ್ರ
"ಆ ಬಟ್ಟೆ ನನಗೆ ಸರಿಹೋಗಲ್ಲ" ಅನ್ನುತ್ತಿದ್ದ.
ಅಳತೆ ಯಾರೂ ಕೇಳಲಿಲ್ಲ.

ಬೆಳಗಿನ ಐದಕ್ಕೆ, ಊರಿಗೆ ಊರೇ ಹಿಮದಡಿ ಹೂತಿರುವಾಗ
ವಾರ್ಡಿನಿಂದ ವಾರ್ಡಿಗೆ ಅವನ ತಳ್ಳುಗಾಡಿ,
ಒಂದು ಚಕ್ರ ಕಿರ್ ಅನ್ನುತ್ತಾ.
ದೊಡ್ಡ ದೀಪ ಹಾಕುತ್ತಿರಲಿಲ್ಲ. ಕತ್ತಲಲ್ಲೇ
ಮೊಣಕೈ ಮಡಿಕೆಯಲ್ಲಿ ಎರಡು ಬೆರಳಿಟ್ಟು
ಕದ ತಟ್ಟಿ ನಿಂತ ನೆಂಟನ ಹಾಗೆ ಕಾಯುತ್ತಿದ್ದ,
ನರ ತಾನಾಗಿ ಎದ್ದು ಬರುವ ತನಕ.
ಕೈಗುಣ, ಅಂದರು ರೋಗಿಗಳು.
ಎಲ್ಲಿ ಕಲಿತೆ ಎಂದ ಹೊಸ ನರ್ಸಿಗೆ
"ದೂರದಲ್ಲಿ," ಎಂದನಂತೆ, "ಬಹಳ ಸೆಕೆಯ ಒಂದು ಕಡೆ."
ವಿಯೆಟ್ನಾಮ್ ಅನ್ನುವ ಪದ
ನಾನು ಅವನ ಬಾಯಲ್ಲಿ ಕೇಳಿದ್ದು ಒಂದೇ ಸಲ,
ಅದೂ ಅಂಗಡಿಯಲ್ಲಿ, ಅಕ್ಕಿಯ ಬೆಲೆ ನೋಡುವಾಗ.

ಮಾತು ಬಾಯಿಪಾಠ ಮಾಡುತ್ತಿದ್ದುದೂ ಅಲ್ಲೇ, ರೋಗಿಗಳ ಎದುರು.
ಸೂಜಿ ಇಳಿಯುವ ಗಳಿಗೆಗೆ ಸರಿಯಾಗಿ, ಬಟ್ಲರನ ಗತ್ತಿನಲ್ಲಿ:
"ಗಾಡಿ ಬಂದಿದೆ, ಅಮ್ಮಾವ್ರೇ."
ತೊಂಬತ್ತೆರಡರ ಐಲಿ ನಿಸುಲಾ ಕಣ್ಣು ತೆರೆಯದೆ
"ಇಷ್ಟು ಬೇಗನೇ? ನನ್ನ ಕೋಟೆಲ್ಲಿ?" ಅಂದಳು.
ಕೋಟು ತಂದು ಹೊದಿಸಿದ.
ಮೂರು ಸೀಸೆ ತುಂಬುವ ತನಕ
ಸ್ವಲ್ಪ ತಾಳಿ ಎಂದು ಕುದುರೆಗಳಿಗೂ ಹೇಳಿದ.
ಅಲ್ಲಿ ಮರೆಯದ ಮಾತು
ರಂಗದ ಮೇಲೆ ಎಲ್ಲಿಗೆ ಹೋಗುತ್ತಿತ್ತೋ!

ಒಂದು ರಿಹರ್ಸಲ್ ಹೇಳಲೇಬೇಕು.
ಬ್ಯಾಂಕಿನ ಹುಡುಗ ಡೆರಿಕ್ ಗುಂಡೇಟು ತಿಂದು ಬಿದ್ದ,
ಎದೆ ಹಿಡಿದು, ಚಂದವಾಗಿ, ಮುಖ ಕುರ್ಚಿಗಳ ಕಡೆ ಬರುವ ಹಾಗೆ.
ವೆಂಡೆಲ್ ಕೈಯಲ್ಲಿದ್ದ ಟ್ರೇ ಕೆಳಗಿಟ್ಟ.
"ಹೀಗಲ್ಲ," ಎಂದು ಮಂಡಿಯೂರಿ
ಹುಡುಗನ ಒಂದು ಕೈಯನ್ನು ಬೆನ್ನಡಿಗೆ ಸೇರಿಸಿದ,
ಕೆನ್ನೆಯನ್ನು ಹಲಗೆಗೆ ಒತ್ತಿದ,
ಒಂದು ಬೂಟು ಬಿಚ್ಚಿ ಅಷ್ಟು ದೂರ ಇಟ್ಟ.
ಆಮೇಲೆ ಎರಡು ಬೆರಳು ಕತ್ತಿನ ಮೇಲಿಟ್ಟವನು
ಇಟ್ಟೇ ಇದ್ದ.
"ಬದುಕಿದೀನಿ ವೆಂಡೆಲ್," ಎಂದಿತು ಕೊನೆಗೆ ನೆಲದ ಹುಡುಗ.
"ಗೊತ್ತು," ಎಂದು ಎದ್ದ. ಹೊರಗೆ ಹೋಗಿ
ಕಾರಿನ ಗಾಜಿನ ಹಿಮ ಕೆರೆಯುತ್ತಾ ನಿಂತ,
ಕೆರೆದು ಮುಗಿದ ಮೇಲೂ.

ಫೆಬ್ರವರಿಯಲ್ಲಿ ಹೋದ. ನೆಲ ಗುದ್ದಲಿಗೆ ಬಗ್ಗಿದ ಮೇಲೆ,
ಏಪ್ರಿಲ್ ಕೊನೆಗೆ, ಮಣ್ಣು ಮಾಡಿದೆವು.
ಬ್ಯೂಗಲ್ಲಿನೊಳಗೊಂದು ಯಂತ್ರ, ಅದು ನುಡಿಯಿತು.
ಸಮವಸ್ತ್ರದ ಹುಡುಗ ಬರೀ ತುಟಿಗಿಟ್ಟುಕೊಂಡು
ಕೆನ್ನೆ ಉಬ್ಬಿಸಿ ನಿಂತಿದ್ದ. ವೆಂಡೆಲ್‌ಗೆ ಹಿಡಿಸುತ್ತಿತ್ತು.
ಬಾವುಟವನ್ನು ಮುಕ್ಕೋನೆ ಮಡಿಸಿ ತಂಗಿ ಕಾರ್ಲೀನಳ ಕೈಗಿತ್ತರು,
ಎಲ್ಲಿಡಲಿ ಎಂಬಂತೆ ಅವಳು ನನ್ನ ನೋಡಿದಳು.

ಪ್ರಾಂಪ್ಟರ್ ವಿದ್ಯೆ ಇಷ್ಟೇ: ನಟ ಸುಮ್ಮನಾದಾಗ
ಅದು ಮರೆವೋ, ಬೇಕೆಂದೇ ಬಿಟ್ಟ ಬಿಡುವೋ ತಿಳಿಯುವುದು.
ಬೇಗ ಬಾಯಿಬಿಟ್ಟರೆ ನಾಟಕ ಕೆಡುತ್ತದೆ,
ತಡವಾದರೆ ನಟ.
ಪೆಟ್ಟಿಗೆ ಇಳಿಯುವಾಗ ನಾನು ಕಾದೆ. ಎಲ್ಲರಿಗಿಂತ ಹೆಚ್ಚು ಕಾದೆ.
ಇಪ್ಪತ್ತಾರು ವರ್ಷದ ಚಾಳಿ, ತುಟಿ ತಾನೇ ಅಲುಗಿತು.
ಪಕ್ಕದಲ್ಲಿದ್ದ ದಂತವೈದ್ಯ, ನಾಟಕದ ಮನೆಯ ಯಜಮಾನ,
ಕೇಳಿಸಿಕೊಂಡಿರಬೇಕು:
ಟೊಪ್ಪಿ ತೆಗೆದು, ಕೆಸರಲ್ಲಿ ಅರ್ಧ ಹೆಜ್ಜೆ ಹಿಂದೆ ಸರಿದ,
ಕುದುರೆಗಳಿಗೆ ದಾರಿಬಿಟ್ಟು.